ಕೆಂಪೇರುವ ಬಳ್ಳಿ ಗೋಡೆಯನ್ನು ತಿನ್ನುತ್ತದೆಯೇ?

ಬಾಸ್ಟನ್ ಐವಿ ಹಬ್ಬಿಸಿದರೆ ಗೋಡೆ ಬಿರುಕು ಬಿಡುತ್ತದೆ ಎಂಬ ಮಾತು ಅಮೆರಿಕ, ಯುರೋಪಿನ ಮನೆಮಾಲೀಕರಲ್ಲಿ ಬಹಳ ಹಳೆಯದು. ಗುಡಿಯ ಗೋಪುರವನ್ನು ಅರಳಿ ಸಸಿ ಸೀಳುವುದನ್ನು ಕಂಡ ನಮಗೂ ಅದು ನಿಜವೆನಿಸೀತು. ಆದರೆ ಅರಳಿಯ ಬೇರು ಕಲ್ಲಿನ ಸಂದಿಗೆ ಇಳಿದು ಅಲ್ಲೇ ದಪ್ಪವಾಗುತ್ತದೆ. ಚೀನಾ, ಕೊರಿಯಾ, ಜಪಾನ್ ಮೂಲದ ಈ ಬಳ್ಳಿಯ ಬೇರು ಇರುವುದು ನೆಲದಲ್ಲಿ. ದ್ರಾಕ್ಷಿಯ ಕುಟುಂಬಕ್ಕೆ ಸೇರಿದ ಇದು ಗೋಡೆ ಹಿಡಿಯುವುದು ನುಲಿಬಳ್ಳಿಗಳಿಂದ. ಕವಲೊಡೆದ ಅವುಗಳ ತುದಿ ಗೋಡೆಗೆ ತಾಗಿದ ಮೇಲೆ ಉಬ್ಬಿ, ಪುಟ್ಟ ಚಪ್ಪಟೆ ಬಿಲ್ಲೆಯಾಗಿ, ಅಂಟು ಸ್ರವಿಸಿ ಕಚ್ಚಿಕೊಳ್ಳುತ್ತದೆ. ಆ ಹಿಡಿತವೆಲ್ಲ ಮೇಲ್ಮೈಯದು, ಆದರೆ ಅಸಾಧ್ಯ ಗಟ್ಟಿ. ಇದರ ಹತ್ತಿರದ ಸಂಬಂಧಿ ವರ್ಜೀನಿಯಾ ಕ್ರೀಪರ್‌ನ ನುಲಿಬಳ್ಳಿಯನ್ನು ಡಾರ್ವಿನ್ ಪರೀಕ್ಷಿಸಿದ್ದ. ಕನಿಷ್ಠ 10 ವರ್ಷ ಹಳೆಯದೆಂದು ಅವನು ಅಂದಾಜಿಸಿದ ಒಂದೇ ಕವಲು 2 ಪೌಂಡ್ ಭಾರ ತಡೆದಿತ್ತು.

ಅಪವಾದದ ಮೂಲ ಬಹುಶಃ ಇಂಗ್ಲಿಷ್ ಐವಿ. ಅದು ಬೇರೆಯೇ ಕುಟುಂಬದ ನಿತ್ಯಹಸಿರು ಬಳ್ಳಿ. ಕಾಂಡದಿಂದ ಹೊರಟ ಬೇರುಗಳಿಂದ ಗೋಡೆ ಏರುತ್ತದೆ, ಮೊದಲೇ ಬಿರುಕಿದ್ದರೆ ಒಳನುಗ್ಗುತ್ತದೆ. ಹಾಗಿದ್ದೂ, ಪರಂಪರೆಯ ಕಟ್ಟಡಗಳನ್ನು ಕಾಯುವ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಗಾಗಿ ಆಕ್ಸ್‌ಫರ್ಡ್ ವಿಜ್ಞಾನಿಗಳು ನಡೆಸಿದ ಅಧ್ಯಯನದಲ್ಲಿ ಗಟ್ಟಿ ಗೋಡೆಗೆ ಅದರಿಂದ ಹೇಳಿಕೊಳ್ಳುವಂಥ ಹಾನಿ ಕಾಣಲಿಲ್ಲ. ಬಿಸಿಲು, ಚಳಿಯ ಏರಿಳಿತದಿಂದ ರಕ್ಷಣೆಯೇ ಸಿಕ್ಕಿತ್ತು. ಹಾಗಾದರೆ 1980ರ ದಶಕದಲ್ಲಿ ಹಾರ್ವರ್ಡ್ ತನ್ನ ಕಟ್ಟಡಗಳ ಬಳ್ಳಿ ಕೀಳಿಸಿದ್ದೇಕೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಕಿಟಕಿ ಚೌಕಟ್ಟು, ನೀರಿನ ದೋಣಿ, ಹೆಂಚಿನ ಅಡಿಗೆ ನುಗ್ಗಿದರೆ ಬಳ್ಳಿ ಕಾಟ ಕೊಡುತ್ತದೆ, ಉದುರುತ್ತಿರುವ ಹಳೆಯ ಗಾರೆಯ ಗೋಡೆಗೂ ಅದು ಬೇಡ. ಆದರೆ ಇವು ಗೋಡೆಯ ದೌರ್ಬಲ್ಯ, ಕತ್ತರಿ ಆಡಿಸದ ಮಾಲೀಕನ ಸೋಮಾರಿತನ, ಬಳ್ಳಿಯ ಹಲ್ಲಲ್ಲ. ತೇವ ನಿಲ್ಲುತ್ತದೆ ಎಂಬ ಆಕ್ಷೇಪವೂ ಅರೆಸತ್ಯ. ಒಂದರ ಮೇಲೊಂದು ಬಾಗಿದ ಎಲೆಗಳು ಮಳೆಯ ಬಹುಪಾಲನ್ನು ಹೊರಗೇ ಜಾರಿಸುತ್ತವೆ. ಶರತ್ಕಾಲದ ಬಿಸಿಲ ಹಗಲು, ತಣ್ಣನೆಯ ರಾತ್ರಿಗಳಲ್ಲಿ ಹಸಿರು ಕರಗಿ, ಎಲೆಯೊಳಗೆ ಹೊಸದಾಗಿ ಆಂಥೋಸಯನಿನ್ ಎಂಬ ವರ್ಣದ್ರವ್ಯ ಹುಟ್ಟಿ ಗೋಡೆಯಿಡೀ ಕೆಂಪಾಗುತ್ತದೆ. ಆಮೇಲೆ ಎಲೆ ಉದುರಿ, ಚಳಿಗಾಲದ ಗಾಳಿ ಬಿಸಿಲು ನೇರ ಗೋಡೆಗೆ ತಾಗಿ ತೇವ ಆರಿಸುತ್ತವೆ.

ನಿಜವಾದ ಹಾನಿ ಆಗುವುದು ಹೆಚ್ಚಾಗಿ ಕೀಳುವಾಗ. ಜೀವಂತ ಬಳ್ಳಿಯನ್ನು ಜಗ್ಗಿದರೆ ಬಿಲ್ಲೆಗಳ ಜೊತೆ ಬಣ್ಣ, ಗಾರೆಯೂ ಕಿತ್ತು ಬರುತ್ತವೆ. ತೆಗೆಯಲೇಬೇಕೆಂದರೆ ಬುಡ ಕತ್ತರಿಸಿ, ಪೂರ್ತಿ ಒಣಗಲು ಬಿಟ್ಟು, ನಿಧಾನವಾಗಿ ಬಿಡಿಸಿ. ಉಳಿದ ಬಿಲ್ಲೆಗಳನ್ನು ಗಟ್ಟಿ ಬ್ರಷ್ಷಿನಿಂದ ಉಜ್ಜಿ.