ನೀರು ಬಿಟ್ಟ ಮಣ್ಣು

ಆದಿವಾಲ, ಹಿರಿಯೂರು ಕಡೆಯ ಎರೆಮಣ್ಣು ಮಳೆ ಬಿದ್ದರೆ ಹಿಗ್ಗುತ್ತದೆ, ಬಿಸಿಲೇರಿದರೆ ಬಾಯಿ ಬಿಡುತ್ತದೆ. ಜೇಡಿಯಲ್ಲಿ ಗೊಂಬೆ ಮಾಡುವವರಿಗೂ ಇದೇ ಹಳೆಯ ತಲೆನೋವು: ನೀರು ಆರಿತೆಂದರೆ ಕೈ ಸೀಳುತ್ತದೆ, ಕತ್ತು ಕಳಚುತ್ತದೆ.

ನಮ್ಮ ಹಬ್ಬಗಳು ಇದಕ್ಕೊಂದು ಜಾಣ ಉಪಾಯ ಕಂಡುಕೊಂಡಿವೆ. ಗೊಂಬೆ ಬಹುಕಾಲ ಬಾಳಬೇಕೆಂದೇ ಅವು ಕೇಳುವುದಿಲ್ಲ. ಭಾದ್ರಪದದ ಜೋಕುಮಾರ ಬುಟ್ಟಿಯಲ್ಲಿ ಕುಳಿತು, ಬಾಯಿಗೆ ಬೆಣ್ಣೆ ಬಳಿಸಿಕೊಂಡು ಮನೆಮನೆ ಸುತ್ತಿ ಏಳೇ ದಿನಕ್ಕೆ ಸಾಯುತ್ತಾನೆ. ಗಣಪ ನೀರಿಗೆ ಹೋಗುತ್ತಾನೆ. ಉಳಿಯಲೇಬೇಕು ಎಂದವರು ಬೆಂಕಿಯ ಮೊರೆಹೋದರು. 1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗೆಸಿದಾಗ ಸಿಕ್ಕ ಶಾತವಾಹನರ ಕಾಲದ ಮಡಕೆ ಚೂರುಗಳು ಅಷ್ಟು ಶತಮಾನ ಉಳಿದದ್ದು ಸುಟ್ಟದ್ದರಿಂದಲೇ. ಆದರೆ ಸುಟ್ಟ ಮಣ್ಣು ಬಾಗದು.

ಸ್ಟಾಪ್-ಮೋಷನ್ ಸಿನಿಮಾಕ್ಕೆ ಬೇಕಾದದ್ದು ಒಣಗಲೂ ಬಾರದ, ಗಟ್ಟಿಯಾಗಲೂ ಬಾರದ ಮಣ್ಣು. ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಫೋಟೊ, ಮತ್ತಷ್ಟು ಸರಿಸಿ ಇನ್ನೊಂದು. ಸೆಕೆಂಡಿಗೆ 24 ಫ್ರೇಮ್. ಒಂದೊಂದು ಭಂಗಿಯನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೂ ಒಂದು ನಿಮಿಷಕ್ಕೆ 720 ಭಂಗಿ. ಗೊಂಬೆ ವಾರಗಟ್ಟಲೆ ದೀಪದ ಕೆಳಗೆ ನಿಂತು ಬಾಗುತ್ತಲೇ ಇರಬೇಕು. ಕೆರೆಯ ಜೇಡಿಗೆ ಇದು ಆಗದ ಮಾತು.

ಉತ್ತರ ಕಂಡುಕೊಂಡವರು ಸಿನಿಮಾದವರಲ್ಲ. 1880ರಲ್ಲಿ ಮ್ಯೂನಿಕ್‌ನ ಔಷಧಿ ವ್ಯಾಪಾರಿ ಫ್ರಾಂಜ್ ಕೋಲ್ಬ್, 1897ರಲ್ಲಿ ಇಂಗ್ಲೆಂಡಿನ ಬಾತ್ ಬಳಿಯ ಬಾತಾಂಪ್ಟನ್‌ನಲ್ಲಿ ಚಿತ್ರಕಲಾ ಮೇಷ್ಟ್ರು ವಿಲಿಯಂ ಹಾರ್ಬಟ್, ಇಬ್ಬರೂ ನೀರನ್ನೇ ತೆಗೆದುಹಾಕಿ ಆ ಜಾಗಕ್ಕೆ ಎಣ್ಣೆ-ಮೇಣ ತಂದರು. ಹಾರ್ಬಟ್‌ಗೆ ಬೇಕಿದ್ದದ್ದು ವಿದ್ಯಾರ್ಥಿಗಳು ತಿದ್ದಿ ತಿದ್ದಿ ಕಲಿಯಬಲ್ಲ ಮಣ್ಣು, ಅಷ್ಟೇ. ಸೀಮೆಸುಣ್ಣದ ಪುಡಿ, ಪೆಟ್ರೋಲಿಯಂ ಜೆಲ್ಲಿ, ಸ್ಟಿಯರಿಕ್ ಆಮ್ಲ ಇವೇ ಪ್ಲಾಸ್ಟಿಸಿನ್‌ನ ಮುಖ್ಯ ಸಾಮಗ್ರಿ. 1900ರಲ್ಲಿ ಕಾರ್ಖಾನೆ ಶುರುವಾಯಿತು. ಇಂದು ಮಕ್ಕಳಿಗೆ ಸ್ಟೇಷನರಿ ಅಂಗಡಿಯಲ್ಲಿ ಕೊಡಿಸುವ ಬಣ್ಣದ ಕ್ಲೇ ಕಡ್ಡಿಗಳೂ ಇದೇ ವಂಶದವು.

ಸಿನಿಮಾ ಅದನ್ನು ಬೇಗನೆ ಕೈಗೆತ್ತಿಕೊಂಡಿತು, ಅಷ್ಟೇ ಬೇಗ ಕೈಬಿಟ್ಟಿತು ಕೂಡ. 1933ರ ‘ಕಿಂಗ್ ಕಾಂಗ್’ ಗೊಂಬೆ ಲೋಹದ ಎಲುಬಿನ ಮೇಲೆ ರಬ್ಬರು, ಮೊಲದ ತುಪ್ಪಳ ಹೊದ್ದಿತ್ತು. ಮಣ್ಣು ಮರಳಿದ್ದು 1950ರ ದಶಕದಲ್ಲಿ, ಅಮೆರಿಕದ ಆರ್ಟ್ ಕ್ಲೋಕಿಯ ಹಸಿರು ‘ಗಂಬಿ’ಯ ಜೊತೆ. ಅವನ ಕಾಲು ಕೆಳಗೆ ಅಗಲವಾಗಿರುವುದು ಚೆಂದಕ್ಕಲ್ಲ, ಬೀಳದೆ ನಿಲ್ಲಲಿ ಎಂದು. 1977ರಲ್ಲಿ ಬ್ರಿಟನ್ನಿನ ಆರ್ಡ್‌ಮನ್ ಸ್ಟುಡಿಯೋದ ‘ಮಾರ್ಫ್’ ಬಂದ. ಮುಂದೆ ಅದೇ ಮನೆಯಿಂದ ವಾಲೆಸ್ ಮತ್ತು ಗ್ರೋಮಿಟ್ ಎಂಬ ಗೊಂಬೆ ಜೋಡಿ.

ಹಾಗಾದರೆ ಗೊಂಬೆ ಮಾಡುವುದು ಹೇಗೆ? ಮೊದಲು ಎಲುಬು. ಎರಡು ಮೂರು ಎಳೆ ಅಲ್ಯೂಮಿನಿಯಂ ತಂತಿ ಹೊಸೆದು ಕೈಕಾಲು ಬೆನ್ನು ಮಾಡುತ್ತಾರೆ. ಒಂಟಿ ತಂತಿ ಬೇಗ ಮುರಿಯುತ್ತದೆ. ಮಡಚಬಾರದ ಕಡೆ, ಅಂದರೆ ಎದೆ, ಸೊಂಟ, ತೊಡೆಗೆ ಎಪಾಕ್ಸಿ ಪುಟ್ಟಿ ಮೆತ್ತುತ್ತಾರೆ. ಮೊಣಕಾಲು, ಮೊಣಕೈ ಬರಿದಾಗಿ ಉಳಿಯಬೇಕು. ತಲೆ ಹಗುರವಿರಬೇಕೆಂದು ಒಳಗೆ ಥರ್ಮೋಕೋಲ್ ಅಥವಾ ಟೊಳ್ಳು ಉಂಡೆ ಇಟ್ಟು ಮೇಲೆ ತೆಳ್ಳಗೆ ಕ್ಲೇ ಹಚ್ಚುತ್ತಾರೆ; ಭಾರವಾದರೆ ರಾತ್ರೋರಾತ್ರಿ ಕತ್ತು ಬಗ್ಗಿ, ಮರುದಿನ ಶಾಟ್ ಹೊಂದದು. ಕಣ್ಣು ಒಂದು ಮಣಿ, ಅದರ ತೂತೇ ಪಾಪೆ; ಗುಂಡುಸೂಜಿ ಚುಚ್ಚಿ ತಿರುಗಿಸಿದರೆ ಗೊಂಬೆ ಅತ್ತ ನೋಡುತ್ತದೆ. ಪಾದಕ್ಕೆ ನಟ್ಟು ಕೂರಿಸಿ, ತೂತು ಕೊರೆದ ಮೇಜಿನಡಿಯಿಂದ ಬೋಲ್ಟ್ ಬಿಗಿಯುತ್ತಾರೆ. ನಡೆಯುವ ಗೊಂಬೆಗೆ ಹೆಜ್ಜೆಹೆಜ್ಜೆಗೂ ಬಿಚ್ಚಿ ಬಿಗಿಯುವ ಕೆಲಸ. ಮಾತಿಗೆ ಬಾಯಿಗಳನ್ನೇ ಬೇರೆ ಮಾಡಿಟ್ಟುಕೊಳ್ಳುತ್ತಾರೆ: ‘ಆ’ಗೊಂದು, ‘ಊ’ಗೊಂದು, ತುಟಿ ಮುಚ್ಚುವ ‘ಪ-ಬ-ಮ’ಗೊಂದು. ಕನ್ನಡ ಮಾತಾಡುವ ಗೊಂಬೆಗೆ ಹಲ್ಲಿನ ಹಿಂದೆ ನಾಲಿಗೆ ಮಡಚುವ ‘ಳ’ಕ್ಕೂ ಒಂದು ಬಾಯಿ ಇದ್ದರೆ ಚೆನ್ನ ಎಂಬುದು ನನ್ನ ಆಸೆ.

ನಮ್ಮ ದೇಶದಲ್ಲಿ ಈ ಕ್ಲೇ ಗೊಂಬೆಯ ಕಲೆಯನ್ನು ಮನೆಮನೆಗೆ ತಲುಪಿಸಿದ್ದು 2007ರ ‘ತಾರೇ ಜಮೀನ್ ಪರ್’. ಅದರ ಟೈಟಲ್ ದೃಶ್ಯವನ್ನು ಕ್ಲೇಯಲ್ಲಿ ಮಾಡಿದವರು ಧೀಮಂತ್ ವ್ಯಾಸ್. ಮುಂಬೈಯಲ್ಲಿ ಸುರೇಶ್ ಎರಿಯಾಟ್ ಅವರ ‘ಟೋಕ್ರಿ’ ಎಂಬ ಪುಟ್ಟ ಚಿತ್ರ ಮುಗಿಯಲು ವರ್ಷಗಳೇ ಹಿಡಿದವು. ಅಪ್ಪನ ಗಡಿಯಾರ ಒಡೆದ ಹುಡುಗಿ ಬುಟ್ಟಿ ಮಾರಲು ಹೊರಡುವ ಕಥೆ ಅದು.

2023ರಲ್ಲಿ ಆರ್ಡ್‌ಮನ್‌ಗೆ ‘ನ್ಯೂಪ್ಲಾಸ್ಟ್’ ಕ್ಲೇ ಒದಗಿಸುತ್ತಿದ್ದ ಡೆವನ್‌ನ ಕಾರ್ಖಾನೆ ಮುಚ್ಚಿದಾಗ, ಉಳಿದ ದಾಸ್ತಾನನ್ನು ಸ್ಟುಡಿಯೋ ಕೊಂಡುಕೊಂಡಿತು. ಇನ್ನು ಸಿನಿಮಾಗಳೇ ಇಲ್ಲವೇನೋ ಎಂದು ಅಭಿಮಾನಿಗಳು ಗಾಬರಿಯಾದರು. ಹಾಗೇನಿಲ್ಲ ಎಂದು ಸ್ಟುಡಿಯೋವೇ ಸಮಾಧಾನ ಹೇಳಬೇಕಾಯಿತು. ಸಾಮಗ್ರಿ ಹೊಂದಿಸುವುದು ಕಷ್ಟವಲ್ಲ, ಹದ ಹಿಡಿಯುವುದು ಕಷ್ಟ. ಇಂಗ್ಲೆಂಡಿನ ಚಳಿಗೆ ಸರಿಹೋಗುವ ಕ್ಲೇ ಹಿರಿಯೂರಿನ ಏಪ್ರಿಲ್‌ನಲ್ಲಿ ಬೆಣ್ಣೆಯಾಗುತ್ತದೆ. ಇಲ್ಲಿ ಮಾಡಹೊರಟವರು ಮೇಣದ ಪಾಲು ಏರಿಸಬೇಕು, ಬಿಸಿಯೇರದ ಎಲ್‌ಇಡಿ ದೀಪ ಹಚ್ಚಬೇಕು. ಅಷ್ಟಾಗಿಯೂ ಮೂಗು ಜಾರಿದರೆ ಗೊಂಬೆಯನ್ನು ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಡಬೇಕು.