ಡೇಟಾಬೇಸ್ ಬ್ಯಾಕಪ್: ಜಿಪ್ ಮಾಡೋ ಮೊದಲು ಹೊರೆ ಇಳಿಸಿ

ಇವತ್ತಿನ ಪ್ರಶ್ನೆ ಇದು: ಒಂದು ಊರಿನ ಸರ್ವರ್‌ನಲ್ಲಿರೋ ಡೇಟಾಬೇಸ್‌ನ ಬ್ಯಾಕಪ್ಪನ್ನು ಇನ್ನೊಂದು ಊರಿನ ಸರ್ವರ್‌ಗೆ ಕಳಿಸಬೇಕಾದಾಗ, ಅದರ ಗಾತ್ರ ಕಡಿಮೆ ಮಾಡೋದು ಹೇಗೆ?

ವಾಟ್ಸ್ಆ್ಯಪ್ ಬ್ಯಾಕಪ್ ಸೆಟ್ಟಿಂಗ್ಸ್‌ನಲ್ಲಿ ವಿಡಿಯೋ ಸೇರಿಸಬೇಕಾ ಬೇಡ್ವಾ ಅನ್ನೋ ಆಯ್ಕೆ ನೋಡಿರ್ತೀರಿ. ಅದನ್ನ ಆಫ್ ಮಾಡಿದ್ರೆ ಬ್ಯಾಕಪ್ ಬೇಗ ಮುಗಿಯುತ್ತೆ, ಆದ್ರೆ ಮೆಸೇಜ್ ಒಂದೂ ಕಳೆದುಹೋಗಲ್ಲ. ದೊಡ್ಡ ಡೇಟಾಬೇಸ್‌ಗೂ ಇದೇ ಸೂತ್ರ. ಮೊದಲು ಕಳಿಸಬೇಕಾಗಿಲ್ಲದ್ದನ್ನು ಬಿಡಬೇಕು, ಆಮೇಲೆ ಉಳಿದದ್ದನ್ನು ಕುಗ್ಗಿಸಬೇಕು.

ಗಾತ್ರದ ಬಗ್ಗೆ ಇಷ್ಟೊಂದು ತಲೆ ಕೆಡಿಸ್ಕೊಳ್ಳೋದ್ಯಾಕೆ? ಒಂದು ಲೆಕ್ಕ ಹಾಕೋಣ. ಬ್ಯಾಕಪ್ 100 ಜಿಬಿ ಇದೆ, ಅಪ್‌ಲೋಡ್ ವೇಗ 20 ಎಂಬಿಪಿಎಸ್ ಅಂದ್ಕೊಳ್ಳಿ. ಇಂಟರ್ನೆಟ್ ವೇಗ ಹೇಳೋದು ಬಿಟ್‌ಗಳಲ್ಲಿ, ಫೈಲ್ ಗಾತ್ರ ಹೇಳೋದು ಬೈಟ್‌ಗಳಲ್ಲಿ. ಒಂದು ಬೈಟ್‌ಗೆ 8 ಬಿಟ್. ಹಾಗಾಗಿ ಎಲ್ಲೂ ಅಡ್ಡಿಯಾಗದೇ ಇದ್ರೂ ಸುಮಾರು 11 ಗಂಟೆ ಬೇಕು. ಅದೇ ಬ್ಯಾಕಪ್ 10 ಜಿಬಿಗೆ ಇಳಿದ್ರೆ ಒಂದು ಗಂಟೆಯ ಆಸುಪಾಸಿನಲ್ಲಿ ಕೆಲಸ ಮುಗೀತು.

ಸರ್ವರ್ ಕೆಟ್ಟು ನಿಂತಾಗ ಈ ಗಂಟೆಗಳ ಬೆಲೆ ಗೊತ್ತಾಗುತ್ತೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನಲ್ಲಿ ಕೈತಪ್ಪಿನಿಂದ ಮುಖ್ಯ ಡೇಟಾಬೇಸ್‌ನ ಫೈಲ್‌ಗಳು ಅಳಿಸಿಹೋದವು. ನೋಡಿದ್ರೆ, ದಿನಾ ಆಗ್ತಿದೆ ಅಂದ್ಕೊಂಡಿದ್ದ ಬ್ಯಾಕಪ್ ಆಗ್ತಾನೇ ಇರಲಿಲ್ಲ. ಡೇಟಾಬೇಸ್ ಒಂದು ಆವೃತ್ತಿ, ಬ್ಯಾಕಪ್ ತೆಗೆಯೋ ಸಾಧನ ಅದಕ್ಕಿಂತ ಹಳೇ ಆವೃತ್ತಿ. ಅದೃಷ್ಟಕ್ಕೆ ಸುಮಾರು 6 ಗಂಟೆ ಹಿಂದಿನ ಒಂದು ಪ್ರತಿ ಬೇರೆ ಸರ್ವರ್‌ನಲ್ಲಿ ಸಿಕ್ತು. ಆದ್ರೆ ಆ ಕಡೆ ವೇಗ ಕಡಿಮೆ ಇದ್ದಿದ್ದರಿಂದ, ಅದನ್ನು ಮುಖ್ಯ ಸರ್ವರ್‌ಗೆ ನಕಲು ಮಾಡೋಕೆ ಸುಮಾರು 18 ಗಂಟೆ ಹಿಡೀತು. ಇದನ್ನೆಲ್ಲ ಆ ಕಂಪನಿಯೇ ಬಹಿರಂಗವಾಗಿ ಬರೆದು ತಿಳಿಸಿತು.

ಈಗ ದಾರಿಗಳನ್ನು ನೋಡೋಣ. ಇವುಗಳ ಕ್ರಮ ತುಂಬಾ ಮುಖ್ಯ.

ಒಂದು, ಮತ್ತೆ ತಯಾರಿಸಬಹುದಾದ್ದನ್ನು ಕಳಿಸಬೇಡಿ. ಡೇಟಾಬೇಸ್‌ನಲ್ಲಿ ಮಾಹಿತಿಯ ಜೊತೆ ಇಂಡೆಕ್ಸ್‌ಗಳೂ ಇರ್ತವೆ. ಪುಸ್ತಕದ ಕೊನೆಯ ಪದಸೂಚಿ ಇದ್ದ ಹಾಗೆ. ಪುಸ್ತಕ ಇದ್ರೆ ಸೂಚಿಯನ್ನು ಮತ್ತೆ ಮಾಡ್ಕೋಬಹುದು. ಪೋಸ್ಟ್‌ಗ್ರೆಸ್‌ನ ಪಿಜಿ_ಡಂಪ್ ಸಾಧನ ಮಾಡೋದೂ ಇದನ್ನೇ. ಇಂಡೆಕ್ಸನ್ನು ಹೊತ್ತು ತರಲ್ಲ, ‘ಇಂಥ ಇಂಡೆಕ್ಸ್ ಕಟ್ಟು’ ಅನ್ನೋ ಒಂದು ಸಾಲಿನ ಆದೇಶ ಬರೆದಿಡುತ್ತೆ. ಅಳಿಸಿದ ಸಾಲುಗಳು ಬಿಟ್ಟುಹೋದ ಖಾಲಿ ಜಾಗವೂ ಬರಲ್ಲ. ಹಳೇ ಲಾಗ್, ಸೆಷನ್, ಕ್ಯಾಶ್ ಟೇಬಲ್‌ಗಳ ಒಳಗಿನ ಮಾಹಿತಿಯನ್ನು ನಾವೇ ಹೇಳಿ ಬಿಡಿಸಬಹುದು. ಆದ್ರೆ ಕಾನೂನಿನ ಪ್ರಕಾರ ಇಟ್ಕೋಬೇಕಾದ ಲಾಗ್‌ಗಳಿದ್ರೆ ಕೈ ಹಾಕಬೇಡಿ. ಇನ್ನೊಂದು ಮಾತು: ಇಂಡೆಕ್ಸ್ ಮತ್ತೆ ಕಟ್ಟೋಕೆ ಆ ಕಡೆ ಸಮಯ ಬೇಕು, ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಎರಡು, ಬದಲಾದದ್ದನ್ನು ಮಾತ್ರ ಕಳಿಸಿ. ವಾರಕ್ಕೊಮ್ಮೆ ಪೂರ್ತಿ ಪ್ರತಿ, ಉಳಿದ ದಿನ ಆಯಾ ದಿನದ ಬದಲಾವಣೆ ಅಷ್ಟೇ. ಇದಕ್ಕೆ ಇನ್‌ಕ್ರಿಮೆಂಟಲ್ ಬ್ಯಾಕಪ್ ಅಂತಾರೆ. 2024ರಲ್ಲಿ ಬಂದ ಪೋಸ್ಟ್‌ಗ್ರೆಸ್ 17ರಲ್ಲಿ ಈ ಸೌಲಭ್ಯ ಒಳಗೇ ಇದೆ. ಅಪಾಯ ಏನಂದ್ರೆ, ಇದು ಸರಪಳಿ. ಬುಧವಾರದ ಕೊಂಡಿ ಹಾಳಾದ್ರೆ ಗುರುವಾರದ್ದು, ಶುಕ್ರವಾರದ್ದು ಇದ್ದೂ ಇಲ್ಲದ ಹಾಗೆ. ಅದಕ್ಕೇ ಆಗಾಗ ಪೂರ್ತಿ ಪ್ರತಿ ಬೇಕೇ ಬೇಕು.

ಮೂರು, ಈಗ ಕುಗ್ಗಿಸಿ. 1992ರಿಂದ ಬಳಕೆಯಲ್ಲಿರೋ ಜಿಜಿಪ್ ಇದೆ. 2016ರಲ್ಲಿ ಫೇಸ್‌ಬುಕ್ ಮುಕ್ತವಾಗಿ ಬಿಡುಗಡೆ ಮಾಡಿದ ಜಡ್‌ಸ್ಟ್ಯಾಂಡರ್ಡ್ ಇದೆ. ಸಾಮಾನ್ಯವಾಗಿ ಜಡ್‌ಸ್ಟ್ಯಾಂಡರ್ಡ್ ಅಷ್ಟೇ ಕುಗ್ಗಿಸೋ ಕೆಲಸವನ್ನು ಜಿಜಿಪ್‌ಗಿಂತ ಬಹಳ ಬೇಗ ಮುಗಿಸುತ್ತೆ. ಕುಗ್ಗಿಸೋದು ಅಂದ್ರೆ ಪದೇ ಪದೇ ಬರೋದನ್ನು ಒಂದು ಸಲ ಬರೆದು, ಮಿಕ್ಕ ಕಡೆ ‘ಮೇಲಿನಂತೆ’ ಅನ್ನೋದು. ಸಾವಿರ ಸಾಲಿನಲ್ಲಿ ‘ಬೆಂಗಳೂರು’ ಇದ್ರೆ ಲಾಭವೋ ಲಾಭ. ಜೆಪೆಗ್ ಫೋಟೋಗಳಿದ್ರೆ ಲಾಭ ಕಡಿಮೆ, ಯಾಕಂದ್ರೆ ಅವು ಈಗಾಗ್ಲೇ ಕುಗ್ಗಿರೋ ಫೈಲ್‌ಗಳು.

ನಾಲ್ಕು, ಕೊನೆಗೆ ಎನ್‌ಕ್ರಿಪ್ಟ್ ಮಾಡಿ. ಜನರ ಹೆಸರು, ಫೋನ್ ನಂಬರ್ ಇರೋ ಫೈಲನ್ನು ಬೀಗ ಹಾಕದೇ ಕಳಿಸಬಾರದು. ಆದ್ರೆ ಬೀಗ ಹಾಕಿದ ಮೇಲೆ ಕುಗ್ಗಿಸೋಕೆ ಹೋದ್ರೆ ಏನೂ ಸಿಗಲ್ಲ. ಎನ್‌ಕ್ರಿಪ್ಟ್ ಆದ ಫೈಲ್‌ನಲ್ಲಿ ಮರುಕಳಿಸೋ ವಿನ್ಯಾಸವೇ ಕಾಣಲ್ಲ. ಅದಕ್ಕೇ ಕುಗ್ಗಿಸೋದು ಮೊದಲು, ಬೀಗ ಆಮೇಲೆ. ಬೀಗದ ಕೀಲಿಯನ್ನು ಅದೇ ಸರ್ವರ್‌ನಲ್ಲಿ ಮಾತ್ರ ಇಡಬೇಡಿ, ಸರ್ವರ್ ಹೋದ್ರೆ ಕೀಲಿಯೂ ಹೋಯ್ತು.

ಫೈಲ್ ತಲುಪಿದ ಮೇಲೆ ಎರಡೂ ಕಡೆ ಅದರ ಚೆಕ್‌ಸಮ್ ಹೋಲಿಸಿ ನೋಡಿ. ಒಂದು ಬಿಟ್ ಹೆಚ್ಚುಕಮ್ಮಿ ಆದ್ರೂ ಗೊತ್ತಾಗುತ್ತೆ. ಆಮೇಲೆ ತಿಂಗಳಿಗೆ ಒಮ್ಮೆಯಾದ್ರೂ ಆ ಬ್ಯಾಕಪ್‌ನಿಂದ ಖಾಲಿ ಸರ್ವರೊಂದರಲ್ಲಿ ಡೇಟಾಬೇಸನ್ನು ನಿಜವಾಗಿಯೂ ಎಬ್ಬಿಸಿ, ಎಷ್ಟು ಹೊತ್ತು ಹಿಡೀತು ಅಂತ ಬರೆದಿಡಿ. ಬ್ಯಾಕಪ್ ಎಷ್ಟೇ ಚಿಕ್ಕದಾಗಿರಲಿ, ವಾಪಸ್ ತೆರೆಯೋಕೆ ಬರದಿದ್ರೆ ಅದು ಬರೀ ಒಂದು ಫೈಲ್, ಅಷ್ಟೇ.

ಸದ್ಯಕ್ಕೆ ಇಷ್ಟು. ಮುಂದಿನ ಸಂಚಿಕೆಯಲ್ಲಿ ಸಿಗೋಣ.