ಹಸಿ ನಾದಕ್ಕಾಗಿ ಕಾದವರು

ಸಂಗೀತದ ವಿಷಯದಲ್ಲಿ ನಾನು ಪಂಡಿತನಲ್ಲ, ಬರಿಯ ಕೇಳುಗ. ಆದರೂ ಕೆಲವು ವರ್ಷಗಳಿಂದ ನನ್ನ ಕಿವಿ ಹಿಡಿದು ಕೂರಿಸಿರುವ ಒಂದು ಸಂಗೀತಪಂಥವನ್ನು ಕುರಿತು ನಾಲ್ಕು ಮಾತು ಬರೆಯುವ ಧೈರ್ಯ ಮಾಡಿದ್ದೇನೆ. ಒಮ್ಮೆ ಹಾಸ್ಟೆಲಿನಲ್ಲಿ ಇದನ್ನು ಕೇಳಿದ ಮಿತ್ರರೊಬ್ಬರು, “ಇದೇನಯ್ಯಾ, ತಗಡಿನ ಅಂಗಡಿಯಲ್ಲಿ ಕೂತ ಹಾಗಿದೆ! ಹಾಡುವವನ ಮಾತೂ ಸರಿಯಾಗಿ ಕೇಳಿಸುವುದಿಲ್ಲ. ಇದನ್ನು ತಿದ್ದಿ ಮುದ್ರಿಸುವವರು ಯಾರೂ ಇರಲಿಲ್ಲವೆ?” ಎಂದು ನಕ್ಕರು. ಅವರಿಗೆ ಕೊಡಲು ಆಗ ನನ್ನಲ್ಲಿ ಉತ್ತರವಿರಲಿಲ್ಲ. ಈ ಲೇಖನ ಆ ಉತ್ತರವನ್ನು ಹುಡುಕುವ ಪ್ರಯತ್ನ.

ಈ ಪಂಥದ ಹೆಸರು ‘ಇಂಡೀ ರಾಕ್’. ಇಂಡೀ ಎಂದರೆ ಇಂಡಿಪೆಂಡೆಂಟ್ ಎಂಬ ಮಾತಿನ ಮೊಟಕು ರೂಪ, ಸ್ವತಂತ್ರ ಎಂದರ್ಥ. ದೊಡ್ಡ ಧ್ವನಿಮುದ್ರಣ ಕಂಪೆನಿಗಳ ಹಂಗಿಲ್ಲದೆ, ಸಣ್ಣ ಪ್ರಕಾಶಕರ ಮೂಲಕವೋ ಸ್ವಂತ ಖರ್ಚಿನಲ್ಲೋ ತಮ್ಮ ಹಾಡುಗಳನ್ನು ಹೊರತರುವ ತಂಡಗಳಿಗೆ ಈ ಹೆಸರು ಬಂದಿತು. ಅಮೆರಿಕದ ಚಿಕಾಗೊ ನಗರದ ‘ಟಚ್ ಅಂಡ್ ಗೋ’ ಅಂತಹ ಒಂದು ಸಣ್ಣ ಸಂಸ್ಥೆ. ಖರ್ಚು ಕಳೆದು ಉಳಿದ ಲಾಭವನ್ನು ಕಲಾವಿದರೊಡನೆ ಸಮಪಾಲು ಹಂಚಿಕೊಳ್ಳುವುದು ಅದರ ಪದ್ಧತಿ. ಕಾಗದಪತ್ರಗಳಿಗಿಂತ ಬಾಯಿಮಾತಿನ ನಂಬಿಕೆಯೇ ಅಲ್ಲಿ ಹೆಚ್ಚು.

ಹಣದ ವ್ಯವಹಾರದಲ್ಲಿ ಹೇಗೋ ನಾದದಲ್ಲಿಯೂ ಹಾಗೆಯೇ ಈ ಪಂಥದವರಿಗೆ ಒಂದು ಪ್ರಾಮಾಣಿಕತೆಯ ಹಂಬಲವಿದೆ. ಅದನ್ನು ವಿವರಿಸಲು ಸ್ಟೀವ್ ಆಲ್ಬಿನಿ ಎಂಬ ಧ್ವನಿಮುದ್ರಕರ ಕೆಲಸವನ್ನು ನೋಡುವುದು ಒಳ್ಳೆಯದು. 1962ರಲ್ಲಿ ಹುಟ್ಟಿದ ಆಲ್ಬಿನಿ ವಿಶ್ವವಿದ್ಯಾನಿಲಯದಲ್ಲಿ ಕಲಿತದ್ದು ಪತ್ರಿಕೋದ್ಯಮ. ಬಾಳೆಲ್ಲ ಮಾಡಿದ್ದು ಧ್ವನಿಮುದ್ರಣ. ‘ನಿರ್ಮಾಪಕ’ ಎಂಬ ಬಿರುದು ಅವರಿಗೆ ಒಗ್ಗುತ್ತಿರಲಿಲ್ಲ. ಹಾಡು ತಂಡದವರದು, ಅದನ್ನು ಇದ್ದಂತೆ ಹಿಡಿದಿಡುವುದಷ್ಟೇ ತಮ್ಮ ಕೆಲಸ ಎಂಬುದು ಅವರ ನಿಲುವು.

ಇದ್ದಂತೆ ಹಿಡಿಯುವುದೆಂದರೇನು? ಸಾಮಾನ್ಯವಾಗಿ ಇಂದಿನ ಧ್ವನಿಮುದ್ರಣದಲ್ಲಿ ಒಂದೊಂದು ವಾದ್ಯವನ್ನೂ ಬೇರೆಬೇರೆಯಾಗಿ ನುಡಿಸಿ, ತಪ್ಪಿದ ತಾಳವನ್ನು ಯಂತ್ರದಿಂದ ನೆಟ್ಟಗೆ ಮಾಡಿ, ಜಾರಿದ ಸ್ವರವನ್ನು ಎತ್ತಿ ಕೂರಿಸಿ, ಕೊನೆಗೆ ಎಲ್ಲವನ್ನೂ ಹೊಂದಿಸುತ್ತಾರೆ. ಆಲ್ಬಿನಿ ಸಾಧ್ಯವಾದ ಕಡೆಯಲ್ಲೆಲ್ಲ ತಂಡದವರನ್ನು ಕೂಡಿಯೇ ನುಡಿಸಲು ಬಿಡುತ್ತಿದ್ದರು. ವಾದ್ಯದ ಹತ್ತಿರ ಮೈಕುಗಳನ್ನಿಡುವುದರ ಜೊತೆಗೆ ಕೋಣೆಯ ದೂರದ ಮೂಲೆಗಳಲ್ಲಿಯೂ ಇಡುತ್ತಿದ್ದರು. ನಮ್ಮ ಕಾಲೇಜಿನ ಸಭಾಂಗಣ ಬರಿದಾಗಿರುವಾಗ ಒಮ್ಮೆ ಚಪ್ಪಾಳೆ ತಟ್ಟಿ ನೋಡಿ: ಮೊದಲು ಕೇಳುವುದು ಕೈಯ ಸದ್ದು, ಮರುಕ್ಷಣ ಕೇಳುವುದು ಗೋಡೆಯ ಉತ್ತರ. ಆ ಉತ್ತರವಿದ್ದರೆ ತಾನೆ ನಾವೂ ಆ ಕೋಣೆಯಲ್ಲಿದ್ದೇವೆಂದು ಕಿವಿಗೆ ಅನಿಸುವುದು? 1988ರಲ್ಲಿ ಬಂದ ‘ಪಿಕ್ಸೀಸ್’ ತಂಡದ ‘ಸರ್ಫರ್ ರೋಸಾ’ ಮುದ್ರಣದಲ್ಲಿ, ಯಂತ್ರದಿಂದ ಹುಟ್ಟಿಸಿದ ಪ್ರತಿಧ್ವನಿ ಬೇಡವೆಂದು ಕೆಲವು ಗಾಯನಭಾಗಗಳನ್ನು ಸ್ಟುಡಿಯೋದ ಸ್ನಾನದ ಮನೆಯಲ್ಲಿ ಹಾಡಿಸಿದರಂತೆ! 1997ರಲ್ಲಿ ಚಿಕಾಗೊದಲ್ಲಿ ಅವರು ತೆರೆದ ‘ಎಲೆಕ್ಟ್ರಿಕಲ್ ಆಡಿಯೊ’ ಸ್ಟುಡಿಯೋದ ಗೋಡೆಗಳಿಗೆ ಸುಡದ ಮಣ್ಣಿನ ಹಸಿ ಇಟ್ಟಿಗೆಗಳನ್ನು ಬಳಸಿದ್ದಾರೆ. ನಾದವೂ ಹಸಿ, ಇಟ್ಟಿಗೆಯೂ ಹಸಿ.

ಇಲ್ಲೊಂದು ತಪ್ಪು ತಿಳಿವಳಿಕೆಗೆ ಅವಕಾಶವಿದೆ. ಹಸಿ ಎಂದರೆ ಅಜಾಗರೂಕ ಎಂದಲ್ಲ. ಯಾವ ಮೈಕನ್ನು ಎಷ್ಟು ದೂರದಲ್ಲಿಡಬೇಕೆಂದು ತಿಳಿಯಲು ವರ್ಷಗಳ ಅನುಭವ ಬೇಕು. ಆಮೇಲೆ ತಿದ್ದುವುದಿಲ್ಲವೆಂದು ನಿಶ್ಚಯಿಸಿದವನು ಮೊದಲೇ ಇನ್ನಷ್ಟು ಎಚ್ಚರವಾಗಿರಬೇಕಾಗುತ್ತದೆ. ನುಡಿಸುವವರಿಗೂ ಇದೇ ಮಾತು: ಆಮೇಲೆ ಸರಿಮಾಡಿಕೊಳ್ಳೋಣ ಎಂಬ ಆಸರೆ ಅವರಿಗಿಲ್ಲ.

‘ನಿರ್ವಾಣ’ ಎಂಬ ತಂಡದ ಹೆಸರನ್ನು ನಮ್ಮಲ್ಲಿಯೂ ಹಲವರು ಕೇಳಿರಬಹುದು. 1991ರಲ್ಲಿ ಅವರ ‘ನೆವರ್‌ಮೈಂಡ್’ ಲಕ್ಷಲಕ್ಷ ಪ್ರತಿಗಳಾಗಿ ಮಾರಾಟವಾಯಿತು; ಆದರೆ ಅದರ ನುಣುಪು ತಂಡದವರಿಗೇ ಹಿಡಿಸಲಿಲ್ಲ. ಮುಂದಿನ ‘ಇನ್ ಯೂಟರೊ’ಗಾಗಿ ಅವರು ಆಲ್ಬಿನಿಯವರನ್ನು ಕರೆದರು. 1993ರ ಫೆಬ್ರವರಿಯಲ್ಲಿ, ಸುಮಾರು 2 ವಾರಗಳಲ್ಲಿ ಕೆಲಸ ಮುಗಿಯಿತು. ಮಾರಾಟದಲ್ಲಿ ಪಾಲು ತೆಗೆದುಕೊಂಡಿದ್ದರೆ ಆಲ್ಬಿನಿ ದೊಡ್ಡ ಶ್ರೀಮಂತರಾಗುತ್ತಿದ್ದರು. ಆದರೆ ನಲ್ಲಿ ಕೂರಿಸುವವನಿಗೆ ಕೊಡುವಂತೆ ಕೆಲಸಕ್ಕೆ ತಕ್ಕ ಕೂಲಿ ಕೊಟ್ಟರೆ ಸಾಕು, ಪಾಲು ಬೇಡ ಎಂದು ಅವರು ಮೊದಲೇ ಪತ್ರ ಬರೆದಿದ್ದರು. ಕೇಳಿದ ಕಂಪೆನಿಯವರಿಗೆ ಈ ನಾದ ಒರಟೆನಿಸಿತು. ಕೆಲವು ಹಾಡುಗಳನ್ನು ಮತ್ತೊಬ್ಬರಿಂದ ಹದಮಾಡಿಸಿ ಸೆಪ್ಟೆಂಬರಿನಲ್ಲಿ ಪ್ರಕಟಿಸಿದರು. ನನ್ನ ಮಿತ್ರರ ಪ್ರಶ್ನೆ ಹೊಸದೇನೂ ಅಲ್ಲವೆಂದು ಇದರಿಂದ ತಿಳಿಯುತ್ತದೆ.

ಇನ್ನು ಕಾಯುವಿಕೆಯ ಮಾತು. ಈ ಪಂಥದ ಅಭಿಮಾನಿಗಳಷ್ಟು ತಾಳ್ಮೆ ಬೇರಾರಿಗೂ ಇರಲಾರದು. ‘ಮೈ ಬ್ಲಡಿ ವ್ಯಾಲೆಂಟೈನ್’ ತಂಡದ ‘ಲವ್‌ಲೆಸ್’ ಬಂದದ್ದು 1991ರಲ್ಲಿ. ಅದರ ಮುಂದಿನ ಆಲ್ಬಂ ಬಂದದ್ದು 2013ರಲ್ಲಿ! ಅಲ್ಲಿ ತಡವಾದದ್ದು ನಾಯಕನಿಗೆ ನಾದವನ್ನು ತಿದ್ದಿ ತೃಪ್ತಿಯಾಗದೆ. ಆಲ್ಬಿನಿಯವರ ಸ್ವಂತ ತಂಡ ‘ಶೆಲ್ಯಾಕ್’ ತಡಮಾಡುತ್ತಿದ್ದ ಕಾರಣವೇ ಬೇರೆ. (ಶೆಲ್ಯಾಕ್ ಎಂದರೆ ಅರಗು, ಹಿಂದಿನ ಗ್ರಾಮಫೋನ್ ತಟ್ಟೆಗಳಿಗೆ ಬೇಕಾದ ಅರಗು ಬಹುಮಟ್ಟಿಗೆ ನಮ್ಮ ದೇಶದಿಂದಲೇ ಹೋಗುತ್ತಿತ್ತು.) ಆ ತಂಡದಲ್ಲಿದ್ದವರು ಮೂವರೇ: ಗಿಟಾರಿಗೆ ಆಲ್ಬಿನಿ, ಬೇಸ್‌ಗೆ ಬಾಬ್ ವೆಸ್ಟನ್, ಡ್ರಮ್ಮಿಗೆ ಟಾಡ್ ಟ್ರೇನರ್. ಆಲ್ಬಿನಿಯವರಿಗೂ ವೆಸ್ಟನ್ನರಿಗೂ ಇತರರ ಸಂಗೀತವನ್ನು ಮುದ್ರಿಸುವ ಉದ್ಯೋಗವಿತ್ತು. ಟ್ರೇನರ್ ಇದ್ದದ್ದು ಬೇರೆ ಊರಿನಲ್ಲಿ. ಬಿಡುವಾದಾಗ ಸೇರುವುದು, ಹೊಸ ಹಾಡು ಕಟ್ಟುವುದು, ಮುದ್ರಿಸುವ ಮೊದಲೇ ವೇದಿಕೆಯ ಮೇಲೆ ನುಡಿಸಿ ಹದಗೊಳಿಸುವುದು ಅವರ ರೂಢಿ. ಕಛೇರಿಯಲ್ಲಿ ಒಮ್ಮೆ ಕೇಳಿದ ಹಾಡು ಆಲ್ಬಮ್ಮಿನಲ್ಲಿ ಬರುವುದನ್ನು ಕೇಳುಗರು ವರ್ಷಗಟ್ಟಲೆ ಎದುರು ನೋಡಬೇಕಾಗಿತ್ತು.

2014ರಲ್ಲಿ ಶೆಲ್ಯಾಕ್ ‘ಡ್ಯೂಡ್ ಇನ್‌ಕ್ರೆಡಿಬಲ್’ ಹೊರತಂದ ಮೇಲೆ ಮತ್ತೆ ದೀರ್ಘ ಮೌನ. 2024ರ ವಸಂತದಲ್ಲಿ ‘ಟು ಆಲ್ ಟ್ರೇನ್ಸ್’ ಮೇ 17ರಂದು ಬರುವುದೆಂಬ ಸುದ್ದಿ ಬಂತು. ನಾನೂ ದಿನ ಎಣಿಸತೊಡಗಿದೆ. ಮೇ 7ರಂದು, ತಮ್ಮ ಸ್ಟುಡಿಯೋದಲ್ಲಿಯೇ, ಆಲ್ಬಿನಿ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 61. ಅದಾದ 10 ದಿನಕ್ಕೆ, ಹೇಳಿದ್ದ ದಿನದಂದೇ, ಆಲ್ಬಂ ಬಂತು. 10 ಹಾಡು; ಒಟ್ಟು ಅರ್ಧ ಗಂಟೆಯೂ ಇಲ್ಲ.

ಆ ರಾತ್ರಿ ಅದನ್ನು ಕೇಳುತ್ತಿದ್ದಾಗ ನನ್ನ ಮಿತ್ರರ ಪ್ರಶ್ನೆ ನೆನಪಾಯಿತು. ಇದನ್ನು ತಿದ್ದಿ ನುಣುಪು ಮಾಡಿದ್ದರೆ ನನಗೆ ಸಿಗುತ್ತಿದ್ದುದು ಒಂದು ಒಳ್ಳೆಯ ವಸ್ತು. ಈಗ ಸಿಕ್ಕಿದ್ದು ಮೂವರು ಸ್ನೇಹಿತರು ಒಂದು ಕೋಣೆಯಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತ ನುಡಿಸಿದ ಹೊತ್ತು. ಕಡ್ಡಿ ಚರ್ಮಕ್ಕೆ ತಾಗಿದ ಸದ್ದು, ತಂತಿಯ ಕಿರುಗುಟ್ಟುವಿಕೆ, ಗೋಡೆಯ ಉತ್ತರ ಎಲ್ಲವೂ ಅದರಲ್ಲಿವೆ. ಆ ಮೂವರು ಇನ್ನೊಮ್ಮೆ ಸೇರುವಂತಿಲ್ಲ. ಮುಂದಿನ ಆಲ್ಬಮ್ಮಿಗಾಗಿ ಕಾಯುವಂತೆಯೂ ಇಲ್ಲ.

ಹಸಿಯಾಗಿರುವುದೆಲ್ಲ ಹಿರಿದೆಂದು ನಾನು ವಾದಿಸಲಾರೆ. ಒರಟುತನವನ್ನೇ ವೇಷವಾಗಿ ತೊಟ್ಟ ತಂಡಗಳೂ ಇವೆ. ಅವನ್ನು ಕೇಳಿ ನನಗೂ ಬೇಸರವಾಗಿದೆ. ಹಾಡಿನ ಮಾತು ಕೇಳಿಸುವುದಿಲ್ಲವೆಂಬ ಮಿತ್ರರ ದೂರು ಎಷ್ಟೋ ಕಡೆ ನಿಜ. ಆದರೆ “ತಿದ್ದುವವರು ಯಾರೂ ಇರಲಿಲ್ಲವೆ?” ಎಂಬುದಕ್ಕೆ ಈಗ ನಾನು ಹೇಳಬಲ್ಲೆ: ಇದ್ದರು, ಸ್ವಾಮಿ. ತಿದ್ದುವುದನ್ನು ಬಲ್ಲವರೇ ಇದ್ದರು. ಹಾಗಿದ್ದೂ ಕೈ ತಡೆದರು.